ಕೆಮ್ಮಿನ ನೆಂಟಸ್ತಿಕೆ

ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯರಿಗೆ ನರ್ಸುಗಳು ಇಟ್ಟ ಹೆಸರು ಹಾರ್ನ್. ಅವರು ಕಾರಿಡಾರಿನ ತಿರುವಿಗೆ ಬರುವ ಮೊದಲೇ ಅವರ ಕೆಮ್ಮು ಬರುತ್ತಿತ್ತು. ಎರಡು ಗಿಡ್ಡ, ಒಂದು ಉದ್ದ. ಅದು ಕೇಳಿಸಿದ್ದೇ ತಡ, ಫೋನುಗಳು ಜೇಬು ಸೇರುತ್ತಿದ್ದವು, ಸ್ಟೂಲಿನ ಮೇಲಿದ್ದ ಕಾಲುಗಳು ನೆಲಕ್ಕಿಳಿಯುತ್ತಿದ್ದವು, ಕಚ್ಚಿದ ಬಿಸ್ಕತ್ತು ಡ್ರಾಯರಿಗೆ ಹೋಗುತ್ತಿತ್ತು.

"ದೇವರು ದೊಡ್ಡವನು. ಅವರಿಗೆ ಕೋಪ ಕೊಟ್ಟ, ಜೊತೆಗೆ ಕೆಮ್ಮೂ ಕೊಟ್ಟ" ಎನ್ನುತ್ತಿದ್ದರು ಹೆಡ್ ಸಿಸ್ಟರ್.

ನನ್ನ ಕೋಣೆ ಕೆಳಮಹಡಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ. ಒಂದು ಕಿಟಕಿ, ಎರಡು ಕಂಪ್ಯೂಟರ್, ಮಧ್ಯಾಹ್ನದ ಹೊತ್ತಿಗೆ ನಡುಗುವ ಗೋಡೆ. ಅಲ್ಲಿ ಏನು ಮಾಡುತ್ತೇನೆಂದು ಅತ್ತೆಗೆ ವಿವರಿಸಲು ಒಂದು ಸಂಜೆ ಬಹಳ ಕಷ್ಟಪಟ್ಟಿದ್ದೆ. ಯಾವ ಕಾಯಿಲೆಗೆ ಏನು ಕೊಡಬೇಕು, ಏನು ಕೊಡಬಾರದು ಎಂದು ವೈದ್ಯರಿಗೆ ಮಾರ್ಗಸೂಚಿ ಪುಸ್ತಕಗಳಿವೆ. ಒಂದೊಂದೂ ಇಟ್ಟಿಗೆಯ ದಪ್ಪ. ಯಾರಿಗೂ ಓದಲು ಪುರಸೊತ್ತಿಲ್ಲ. ಅವನ್ನು ಕಂಪ್ಯೂಟರಿಗೆ ಕಲಿಸಿದರೆ ರೋಗಿಯ ಮುಂದೆಯೇ ಅದು ವೈದ್ಯರಿಗೆ ನೆನಪಿಸುತ್ತದೆ. ಆದರೆ ಕಂಪ್ಯೂಟರಿಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಅದಕ್ಕೇ ಮೊದಲು ಪ್ರತಿ ಔಷಧಿ, ಪ್ರತಿ ಕಾಯಿಲೆ, ಪ್ರತಿ ಅಂಗ ಒಂದಕ್ಕೊಂದು ಏನಾಗಬೇಕು ಎಂದು ಬರೆದಿಡಬೇಕು. ಹಾಗೆ ಬರೆದಿಟ್ಟದ್ದಕ್ಕೆ ಆಂಟಾಲಜಿ ಎನ್ನುತ್ತಾರೆ.

"ಇಷ್ಟೇನಾ? ಮದುವೆಮನೇಲಿ ನಾನು ಮಾಡೋದು ಇದನ್ನೇ ಅಲ್ವಾ?" ಅಂದರು ಅತ್ತೆ.

ನಿಜ. ಮುನ್ನೂರು ಜನರಿರುವ ಹಾಲಿನಲ್ಲಿ ಯಾರನ್ನು ತೋರಿಸಿದರೂ ಅತ್ತೆ ಹೇಳಬಲ್ಲರು. "ಅವನಾ? ನನ್ನ ಓರಗಿತ್ತಿಯ ತಮ್ಮನ ಷಡ್ಡಕ. ಆ ಮನೇವರಿಗೆಲ್ಲ ಮೂಗಿನ ತುದೀಲಿ ಕೋಪ. ಇವನಿಗೂ ಇರುತ್ತೆ, ದೂರ ನಿಂತ್ಕೋ." ಆಂಟಾಲಜಿ ಹೇಳುವುದೂ ಅದನ್ನೇ. ವಂಶದ ಚಾಳಿ ಒಂದು ಕಡೆ ಬರೆದರೆ ಸಾಕು, ಮರಿಮಕ್ಕಳವರೆಗೂ ತಾನೇ ಇಳಿಯುತ್ತದೆ.

ಅತ್ತೆಗೂ ಕೆಮ್ಮಿತ್ತು. ನಾಲ್ಕು ತಿಂಗಳು, ಮೂರು ಸಿರಪ್ಪು. ನಾನು ಡಾಕ್ಟರಲ್ಲ. ಅವರ ಮಾತ್ರೆಗಳ ಬೆಳ್ಳಿಹಾಳೆಯ ಪಟ್ಟಿಯನ್ನು ತಿರುಗಿಸಿ ನೋಡಿದವಳೂ ಅಲ್ಲ. ಆಗ್ಗೆ ಎರಡು ವರ್ಷದಿಂದ ನಾನು ಏನನ್ನೂ ತಿರುಗಿಸಿ ನೋಡಿರಲಿಲ್ಲ. ಗೋಡೆಯಾಚೆ ಕೆಮ್ಮು ಕೇಳಿದರೆ ಅತ್ತೆ ಎದ್ದಿದ್ದಾರೆ ಎಂದುಕೊಂಡು ನಾನೂ ಏಳುತ್ತಿದ್ದೆ, ಅಷ್ಟೆ.

ಬುಧವಾರ ಹನ್ನೊಂದಕ್ಕೆ ಹಾರ್ನ್ ನನ್ನ ಯಂತ್ರ ನೋಡುವುದೆಂದು ನಿಗದಿಯಾಯಿತು. ಒಪ್ಪಿದರೆ ಮೂರು ವಾರ್ಡುಗಳಿಗೆ ಹಾಕುತ್ತಾರೆ. ಒಪ್ಪದಿದ್ದರೆ ಒಂದನೇ ತಾರೀಕಿನಿಂದ ನನ್ನ ಕೋಣೆ ಬೆಡ್‌ಶೀಟುಗಳ ಪಾಲು, ನಾನು ಮನೆಗೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಈ ಸಂಗತಿಯನ್ನು ಊಟದ ನಡುವೆ ಹೇಳಿದೆ. ಅತ್ತೆ ಎಷ್ಟು ಗಂಟೆಗೆ, ಎಲ್ಲಿ ಎಂದಷ್ಟೇ ಕೇಳಿದರು. ಅವರು ಅಷ್ಟಕ್ಕೇ ನಿಲ್ಲಿಸಿದಾಗ ನಾನು ಎಚ್ಚರವಾಗಬೇಕಿತ್ತು.

ಬುಧವಾರ ಹನ್ನೊಂದಕ್ಕೆ ಎರಡು ಗಿಡ್ಡ, ಒಂದು ಉದ್ದ ಕೇಳಿಸಿತು. ನನ್ನ ಜೊತೆ ಕಾಯುತ್ತಿದ್ದ ಹೆಡ್ ಸಿಸ್ಟರ್ ಎದ್ದು ನಿಂತರು. ನಾನು ಹಳೆಯ ರೋಗಿಯೊಬ್ಬರ ಫೈಲನ್ನು ತೆರೆದಿಟ್ಟಿದ್ದೆ. ಹಾರ್ನ್ ಅದನ್ನು ನೋಡಿ ಮುಚ್ಚಿದರು.

"ಇದು ನೀವು ಅಭ್ಯಾಸ ಮಾಡಿಸಿದ ರೋಗಿ. ಗಿಳಿಗೆ ಹೇಳಿಕೊಟ್ಟು ಆಮೇಲೆ ಗಿಳಿ ಮಾತಾಡ್ತು ಅಂದ್ರೆ ಹೇಗೆ? ಬನ್ನಿ, ನಾನು ಆರಿಸ್ತೀನಿ."

ಮೇಲೆ ಹೊರರೋಗಿಗಳ ಸಾಲಿನಲ್ಲಿ ಇಪ್ಪತ್ತು ಜನ ಕೂತಿದ್ದರು. ಹತ್ತೊಂಬತ್ತು ಜನ ಸುಮ್ಮನಿದ್ದರು. ಒಬ್ಬ ಮುದುಕಿ ಮಾತ್ರ ಕಂಬವೇ ಬೀಳುವ ಹಾಗೆ ಕೆಮ್ಮುತ್ತಿದ್ದಳು.

"ಆ ಅಜ್ಜಿ. ಕರ್ಕೊಂಡು ಬನ್ನಿ" ಅಂದರು ಹಾರ್ನ್.

ಅಜ್ಜಿ ನನ್ನ ಅತ್ತೆ. ಹೆಡ್ ಸಿಸ್ಟರಿಗೆ ಅವರ ಗುರುತಿತ್ತು, ಹಾರ್ನಿಗೆ ಇರಲಿಲ್ಲ. ನಾನು ಬಾಯಿ ತೆರೆದೆ. ಸಿಸ್ಟರ್ ನನ್ನ ಕಾಲು ತುಳಿದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಪ್ಪಾ ಈ ಹುಡುಗಿ? ಗಾಳಿಗೆ ಹಾರಿಹೋಗೋ ಹಾಗಿದ್ದಾಳೆ. ಮನೇಲಿ ಊಟಕ್ಕೆ ಹಾಕೋರು ಯಾರೂ ಇಲ್ವಾ?" ಅಂದರು.

"ಹಾಕ್ತಾರೆ. ಉಪ್ಪು ಜಾಸ್ತಿ" ಅಂದೆ.

ಕೆಳಗೆ ಬಂದು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದೆವು. ವಯಸ್ಸು ಎಪ್ಪತ್ತೊಂದು, ಹೆಣ್ಣು, ಬಿ.ಪಿ. ಇದೆ, ನಾಲ್ಕು ತಿಂಗಳ ಕೆಮ್ಮು. ಚೀಲದಿಂದ ಮಾತ್ರೆಗಳ ಪಟ್ಟಿ ತೆಗೆದು ಕೊಟ್ಟರು. ಅದರ ಮೇಲಿದ್ದದ್ದು ಕಂಪನಿಯವರು ಇಟ್ಟ ಮುದ್ದಿನ ಹೆಸರು, ಒಳಗಿನ ಔಷಧಿಯದಲ್ಲ. ಅದನ್ನೂ ಟೈಪ್ ಮಾಡಿ ಗುಂಡಿ ಒತ್ತಿದೆ. ಪರದೆಯ ಮೇಲೆ ಮೊದಲ ಪ್ರಶ್ನೆ ಮೂಡಿತು.

ರೋಗಿ ಗರ್ಭಿಣಿಯೇ?

ಒಗೆಯುವ ಯಂತ್ರ ಕೂಡ ಆ ಕ್ಷಣಕ್ಕೆ ನಿಂತಿತ್ತು ಅನ್ನಿಸುತ್ತದೆ. ಆಮೇಲೆ ಹಾರ್ನ್ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಸಿಸ್ಟರ್ ನೀರು ಕೊಟ್ಟರು.

"ಅಜ್ಜಿ, ಉತ್ತರ ಕೊಡಿ" ಅಂದರು ಹಾರ್ನ್ ಕಣ್ಣೊರೆಸಿಕೊಳ್ಳುತ್ತ.

"ಸದ್ಯಕ್ಕೆ ಇಲ್ಲಪ್ಪ" ಅಂದರು ಅತ್ತೆ.

ತಪ್ಪು ನನ್ನದು, ನನ್ನ ಕಸುಬಿನವರಷ್ಟೇ ಮಾಡುವ ತಪ್ಪು. ಆಂಟಾಲಜಿಯಲ್ಲಿ ಹೇಳದೆ ಬಿಟ್ಟದ್ದು ‘ಇಲ್ಲ’ ಎಂದಾಗುವುದಿಲ್ಲ, ‘ಗೊತ್ತಿಲ್ಲ’ ಎಂದಾಗುತ್ತದೆ. ಹೆಣ್ಣು ಗರ್ಭಿಣಿಯಾಗಿರಬಹುದು ಎಂದು ಬರೆದಿದ್ದೆ. ಒಂದು ವಯಸ್ಸಿನ ಮೇಲೆ ಆಗುವುದಿಲ್ಲ ಎಂದು ಬರೆದಿರಲಿಲ್ಲ. ಅಷ್ಟು ದೊಡ್ಡ ವಿಷಯವನ್ನು ಯಾರಾದರೂ ಹೇಳಬೇಕಾಗುತ್ತದೆಂದು ಹೊಳೆದಿರಲಿಲ್ಲ. ಇದನ್ನೆಲ್ಲ ಹಾರ್ನಿಗೆ ಹೇಳಿದೆ. ಅವರು ಆಗಲೇ ಎದ್ದಿದ್ದರು.

"ಎಪ್ಪತ್ತೊಂದರ ಅಜ್ಜೀನ ಬಸುರಿ ಮಾಡೋ ಯಂತ್ರ ನನ್ನ ವಾರ್ಡಿಗೆ ಬೇಡಮ್ಮ. ಸಿಸ್ಟರ್, ಬೆಡ್‌ಶೀಟ್ ಕಪಾಟಿಗೆ ಈ ಗೋಡೆ ಸಾಕಾಗುತ್ತಾ ನೋಡಿ."

"ಕೂತ್ಕೊಳ್ಳಪ್ಪ" ಅಂದರು ಅತ್ತೆ.

ಆ ಆಸ್ಪತ್ರೆಯಲ್ಲಿ ಹಾರ್ನಿಗೆ ಯಾರೂ ಹಾಗೆ ಹೇಳಿದವರಿಲ್ಲ. ಅಭ್ಯಾಸವಿಲ್ಲದ್ದರಿಂದಲೋ ಏನೋ, ಅವರು ಕೂತರು.

"ನಾಲ್ಕು ತಿಂಗಳಲ್ಲಿ ನಿಮ್ಮ ಡಾಕ್ಟ್ರುಗಳು ನನ್ನನ್ನ ಒಂದು ಪ್ರಶ್ನೆನೂ ಕೇಳಿಲ್ಲ. ಬಾಯಿ ತೆಗಿ, ಉಸಿರೆಳಿ, ಸಿರಪ್ ಕುಡಿ. ಇದು ಪೆದ್ದು ಪ್ರಶ್ನೆ ಆದ್ರೂ ಕೇಳ್ತು. ಸುಮ್ಮನೆ ಯಾರಾದ್ರೂ ಬಸುರಿಯಾ ಅಂತ ಕೇಳ್ತಾರಾ? ಮದುವೆಮನೇಲಿ ಯಾರಾದ್ರೂ ನನ್ನನ್ನ ಹಾಗೆ ಕೇಳಿದ್ರೆ ನಾನು ಮೊದಲು ನೋಡೋದು, ಇವಳಿಗ್ಯಾಕೆ ಬೇಕು ಅಂತ. ಇದಕ್ಕೆ ಯಾಕೆ ಬೇಕಂತೆ, ಕೇಳಿ."

ಪ್ರತಿ ಪ್ರಶ್ನೆಯ ಪಕ್ಕದಲ್ಲಿ ‘ಯಾಕೆ?’ ಎಂಬ ಗುಂಡಿ ಇಟ್ಟಿದ್ದೆ. ಇಡೀ ಯಂತ್ರದಲ್ಲಿ ನನಗೆ ಹೆಮ್ಮೆಯಿದ್ದದ್ದು ಅದೊಂದರ ಬಗ್ಗೆ, ಗಾಬರಿಯಲ್ಲಿ ಅದನ್ನೇ ಮರೆತಿದ್ದೆ. ಒತ್ತಿದೆ. ಪರದೆಯ ಮೇಲೆ ಮಾತ್ರೆಯ ವಂಶಾವಳಿ ಬಿಚ್ಚಿಕೊಂಡಿತು. ಈ ಮುದ್ದಿನ ಹೆಸರಿನ ಮಾತ್ರೆಯಲ್ಲಿ ಎರಡು ಔಷಧಿಗಳಿವೆ. ಎರಡನೆಯದು ಹೆಸರಿನ ಕೊನೆಗೆ ‘ಪ್ರಿಲ್’ ಎಂದಿರುವ ಬಿ.ಪಿ. ಔಷಧಿಗಳ ವಂಶಕ್ಕೆ ಸೇರಿದ್ದು. ಆ ವಂಶದವರನ್ನು ಗರ್ಭಿಣಿಯರಿಗೆ ಕೊಡಬಾರದು, ಅದಕ್ಕೇ ಪ್ರಶ್ನೆ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಅದೇ ವಂಶದ ಚಾಳಿ, ತಿಂಗಳುಗಟ್ಟಲೆ ಒಣ ಕೆಮ್ಮು. ಸಿರಪ್ಪಿಗೆ ಬಗ್ಗುವುದಿಲ್ಲ. ಮಾತ್ರೆ ಬದಲಿಸುವುದನ್ನು ಪರಿಗಣಿಸಿ.

ಹಾರ್ನ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪಟ್ಟಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ನೋಡಿದರು.

"ಇದು ಮೆಡಿಕಲ್ ಮೂರನೇ ವರ್ಷದ ಪಾಠ" ಅಂದರು ಮೆಲ್ಲಗೆ. "ಮಾತ್ರೆ ಬರೆದವನೊಬ್ಬ, ಸಿರಪ್ ಬರೆದವನೊಬ್ಬ. ಒಬ್ಬರೂ ಪಟ್ಟಿ ತಿರುಗಿಸಿಲ್ಲ."

"ನೀವು ತಿರುಗಿಸಿದ್ದೀರಾ?" ಅಂದರು ಅತ್ತೆ.

"ಏನನ್ನ?"

"ನಿಮ್ಮದನ್ನ. ನಿಮಗೂ ಕೆಮ್ಮಿದೆಯಲ್ಲ. ಬಿ.ಪಿ. ಇದೆಯೋ ಇಲ್ವೋ ಅಂತ ನಾನು ಕೇಳಲ್ಲ, ಮುಖದ ಮೇಲೇ ಬರೆದಿದೆ."

"ನಂದು ಧೂಳಿನ ಕೆಮ್ಮು" ಅಂದರು ಹಾರ್ನ್. ಆದರೆ ಕೈ ಕೋಟಿನ ಜೇಬಿಗೆ ಹೋಗಿತ್ತು. ಹೊರಬಂದ ಪಟ್ಟಿಯ ಬಣ್ಣ ಬೇರೆ, ಕಂಪನಿ ಬೇರೆ, ಮುದ್ದಿನ ಹೆಸರೂ ಬೇರೆ. ಸಿಸ್ಟರ್ ಅದನ್ನು ಅವರ ಕೈಯಿಂದ ತೆಗೆದುಕೊಂಡು ಕೀಬೋರ್ಡು ತಮ್ಮ ಕಡೆ ಎಳೆದರು. ಮಾತ್ರೆಯ ಹೆಸರು ಹಾಕಿದರು. ವಯಸ್ಸು ಹಾಕಿದರು. ಗಂಡೋ ಹೆಣ್ಣೋ ಎಂಬ ಜಾಗವನ್ನು ಖಾಲಿ ಬಿಟ್ಟರು. ಹದಿನೆಂಟು ವರ್ಷ ಫಾರಂ ತುಂಬಿದ ಕೈ ಅದು, ಮರೆತು ಬಿಟ್ಟದ್ದೆಂದು ನಾನು ನಂಬುವುದಿಲ್ಲ.

ರೋಗಿ ಗರ್ಭಿಣಿಯೇ?

ಸಿಸ್ಟರ್ ಬಹಳ ವಿನಯದಿಂದ ಕೇಳಿದರು. "ಏನು ಹಾಕ್ಲಿ ಸರ್?"

ಹಾರ್ನ್ ಕನ್ನಡಕ ತೆಗೆದು ಒರೆಸತೊಡಗಿದರು. ಸಿಸ್ಟರ್ ‘ಇಲ್ಲ’ ಒತ್ತಿದರು. ಎರಡನೆಯ ಪ್ರಶ್ನೆ ಬಂತು. ಒಣ ಕೆಮ್ಮು ಇದೆಯೇ? ಸಿಸ್ಟರ್ ಛಾವಣಿ ನೋಡಿದರು. ನಾನು ಕಿಟಕಿ ನೋಡಿದೆ. ಹಾರ್ನ್ ತಡೆದುಕೊಂಡರು. ಮುಖ ಕೆಂಪಾಯಿತು, ಕೊರಳ ನರ ಉಬ್ಬಿತು. ಕೊನೆಗೂ ಬಂತು. ಎರಡು ಗಿಡ್ಡ, ಒಂದು ಉದ್ದ.

"‘ಹೌದು’ ಅಂತ ಒತ್ತಮ್ಮ" ಅಂದರು ಅತ್ತೆ.

ಅವರ ಜೇಬಿನ ಆ ಮಾತ್ರೆಯೂ ಪ್ರಿಲ್ ವಂಶದ್ದೇ. ಹಾರ್ನ್ ಪಟ್ಟಿಯನ್ನು ಮತ್ತೆ ಜೇಬಿಗಿಟ್ಟುಕೊಂಡರು.

"ಮೊದಲು ಆ ಬಸುರಿ ಪ್ರಶ್ನೆ ಸರಿ ಮಾಡಿ" ಅಂದರು ನನಗೆ. "ಸೋಮವಾರದಿಂದ ಮೂರು ವಾರ್ಡಿಗೂ ಹಾಕಿ. ಸಿಸ್ಟರ್, ಬೆಡ್‌ಶೀಟಿಗೆ ಬೇರೆ ಗೋಡೆ ಹುಡುಕಿ. ಅಜ್ಜಿ, ನಿಮ್ಮ ಬಿ.ಪಿ. ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ, ಮಾತ್ರೆ ಬದಲಾಯಿಸ್ತಾರೆ."

ಅತ್ತೆ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದರು. ಅಲ್ಲಿ ನಿಂತು ತಿರುಗಿದರು.

"ಬರ್ತಾ ಹಾಲು ತಗೊಂಡು ಬಾ. ಬೀಗದ ಕೈ ಕಿಟಕಿ ಸಂದೀಲಿ ಇಟ್ಟಿರ್ತೀನಿ" ಅಂದು ಹೊರಟೇಬಿಟ್ಟರು.

ಹಾರ್ನ್ ನನ್ನ ಕಡೆ ನೋಡಿದರು.

"ಅವರು ನಿಮಗೆ ಏನಾಗಬೇಕು?"

"ಅತ್ತೆ."

"ಗಂಡನ ತಾಯಿ?"

"ಹೌದು."

"ಗಂಡ ಏನು ಮಾಡ್ತಾರೆ?"

ಸಿಸ್ಟರ್ ನೆಲ ನೋಡಿದರು. "ಇಲ್ಲ" ಅಂದೆ. "ಹೋಗಿ ಎರಡು ವರ್ಷ ಆಯ್ತು." ಇಲ್ಲ ಎಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಅಲ್ಲಿಯವರೆಗೆ ಅದು ಎಲ್ಲೂ ದಾಖಲಾಗುವುದಿಲ್ಲ. ನಾನು ಆ ಕಟ್ಟಡದಲ್ಲಿ ಅದನ್ನು ಹೇಳಿದ್ದು ಅದೇ ಮೊದಲು.

ಹಾರ್ನ್ ತಲೆಯಾಡಿಸಿದರು. ಬೈಯಬೇಕೆಂದಿದ್ದರೋ ಏನೋ, ಬೈಯಲಿಲ್ಲ. "ಗಿಳಿಗೆ ನೀವು ಹೇಳಿಕೊಟ್ಟಿರಲಿಲ್ಲ ತಾನೇ?" ಅಂದರು.

"ಹೇಳಿಕೊಟ್ಟಿದ್ರೆ ಬಸುರಿಯಾ ಅಂತ ಕೇಳ್ತಿತ್ತಾ ಸರ್?"

ಅವರು ಕೆಮ್ಮುತ್ತ ಮೆಟ್ಟಿಲು ಹತ್ತಿದರು.

ಮೂರು ವಾರಕ್ಕೆ ಅತ್ತೆಯ ಕೆಮ್ಮು ನಿಂತಿತು. ಗೋಡೆಯಾಚೆ ಸದ್ದಿಲ್ಲದೆ ಒಂದು ಬೆಳಿಗ್ಗೆ ನನಗೆ ಎಚ್ಚರವೇ ಆಗಲಿಲ್ಲ, ಎಂಟೂವರೆಯವರೆಗೆ ಮಲಗಿಬಿಟ್ಟೆ. ಮರುದಿನದಿಂದ ಅತ್ತೆ ಪಾತ್ರೆ ತೊಳೆಯುವಾಗ ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತಾರೆ.

ಹಾರ್ನಿನ ಕೆಮ್ಮೂ ನಿಂತಿತು. ಅದರ ಫಲ ನಾನು ಉಣ್ಣಬೇಕಾಯಿತು. ಒಂದೇ ವಾರದಲ್ಲಿ ಐದು ಫೋನು, ಎರಡು ನಿದ್ದೆ, ಒಂದು ಡಬ್ಬಿ ಬಿಸ್ಕತ್ತು ಸಿಕ್ಕಿಬಿದ್ದವು. ಹೆಡ್ ಸಿಸ್ಟರ್ ಬಿರುಗಾಳಿಯಂತೆ ನನ್ನ ಕೋಣೆಗೆ ಬಂದರು.

"ನಿನ್ನ ಯಂತ್ರ ಹಾಳಾಗ! ಬೆಕ್ಕು ಬಂದ ಹಾಗೆ ಬರ್ತಾರೆ ಕಣೇ ಈಗ. ತಿರುಗಿ ನೋಡಿದ್ರೆ ಹಿಂದೇನೇ ನಿಂತಿರ್ತಾರೆ. ಇಡೀ ವಾರ್ಡಿಗೆ ಬಿ.ಪಿ. ಬಂದಿದೆ."

"ಯಾವ ಮಾತ್ರೆ ಕೊಡಬೇಕು ಅಂತ ನೋಡ್ಲಾ?" ಅಂದೆ.

ಮುಂದಿನ ತಿಂಗಳು ಹಾರ್ನಿನ ಹುಟ್ಟುಹಬ್ಬಕ್ಕೆ ನರ್ಸುಗಳೆಲ್ಲ ಸೇರಿ ಒಂದು ಜೊತೆ ಒಳ್ಳೆಯ ಚರ್ಮದ ಚಪ್ಪಲಿ ಕೊಟ್ಟರು. ನಡೆದರೆ ಕಿರ್ ಕಿರ್ ಎನ್ನುತ್ತಿತ್ತು. ಅಂಗಡಿಯವನು ಮೂರು ಸಲ ಸದ್ದು ಮಾಡದ ಬೇರೆ ಜೊತೆ ತೋರಿಸಿದನಂತೆ, ಇವರೇ ಬೇಡವೆಂದರಂತೆ. ಚಪ್ಪಲಿ ಆರಿಸಲು ಜೊತೆಗೆ ಹೋದವರು ನನ್ನ ಅತ್ತೆ.