ಮೇಣದ ಬಳ್ಳಿಗೆ ಚಾಟ್ನಿ

ದ್ರಾಕ್ಷಿ ಬಳ್ಳಿಗಿ ಕತ್ತರಿ ಹಚ್ಚೂದಕ್ಕ ನಮ್ಮ ಕಡೆ ಚಾಟ್ನಿ ಅಂತಾರ. ಶೇಡಬಾಳದಾಗ ಚಾಟ್ನಿ ಅಂದ್ರ ಲಕ್ಷ್ಮಿಬಾಯಿದ ಚಾಟ್ನಿ. ಗಂಡಸರು ಹಿಂದ ನಿಂತು ನೋಡಿ ಕಲೀಬೇಕು, ಹಂಗ ಕತ್ತರಿ ಆಡಸ್ತಿದ್ದಳು. ಸತ್ತಿ ಊರಿನವರು ಗಾಡಿ ತಂದು "ಅಕ್ಕಾರ, ನಮ್ಮ ತ್ವಾಟಕ್ಕೊಮ್ಮಿ ಬಂದು ಹೋಗ್ರಿ" ಅಂತ ಕರಕೊಂಡು ಹೋಗತಿದ್ರು. ಎಲ್ಲಾರೂ ಹೊಗಳಾವ್ರೇ. ಹೊಗಳಲಾರದಾಕಿ ಒಬ್ಬಾಕೇ, ಮನಿಯಾಗಿನ ಸೊಸಿ ಮನಿಷಾ. ನಿಪ್ಪಾಣಿಯಿಂದ ಲಗ್ನಾಗಿ ಬಂದು ಇಷ್ಟು ವರ್ಷಾದ್ರೂ ಒಮ್ಮಿಯೂ "ಅತ್ತಿ, ನಿಮ್ಮ ಕಟ್ ಚೊಲೋ ಐತ್ರಿ" ಅಂದಾಕಿ ಅಲ್ಲ. ಅದು ಲಕ್ಷ್ಮಿಬಾಯಿಗಿ ಒಳಗ ಚುಚ್ಚತಿತ್ತು.

ಅಂಥಾಕಿ ಸಾಕಿದ್ದಾದ್ರೂ ಏನು? ಪಡಸಾಲಿ ಕಿಡಕ್ಯಾಗ ಅಂಗೈಯಷ್ಟು ಕುಂಡ, ಅದರಾಗ ಒಂದು ಮೇಣದ ಹೂವಿನ ಬಳ್ಳಿ. ದಪ್ಪನ ಎಲಿ, ಎಣ್ಣಿ ಹಚ್ಚಿದಂಗ ಮಿರಿಮಿರಿ. ಮನಿಷಾನ ಅವ್ವ ಕುಸುಮಾಬಾಯಿ ತನ್ನ ಕಿಡಕ್ಯಾಗಿನ ಬಳ್ಳಿಯಿಂದ ಮುರದು ಕೊಟ್ಟ ತುಂಡು ಅದು. ಅವ್ವ ತೀರಿಕೊಂಡ ಮ್ಯಾಲಂತೂ ಮನಿಷಾ ಹೋಗತಾ ಬರತಾ ಅದರ ಮುಂದ ನಿಂದರ್ತಿದ್ದಳು. ನಿಂತರ ನಿಲ್ಲಲಿ, ಸಾಕೂದು ನೋಡ್ರಿ! ಮಣ್ಣು ಪೂರ್ತಿ ಒಣಗೂತನಕ ನೀರಿಲ್ಲ. ಬೇರು ಕುಂಡ ತುಂಬಿದ್ರೂ ದೊಡ್ಡ ಕುಂಡ ಇಲ್ಲ. ಹೊರಗ ಬಿಸಲಿಗಿ ಇಡು ಅಂದ್ರ, "ಜಾಗಾ ಬದಲ ಮಾಡಿದ್ರ ಅದಕ್ಕ ಸಿಟ್ಟ ಬರತೈತ್ರಿ, ಅತ್ತಿ."

"ಸಿಟ್ಟ ಬರತೈತಂತ! ಬಳ್ಳಿಯೋ, ಮನಿ ಅಳಿಯಾನೋ?" ಅಂದಿದ್ದಳು ಲಕ್ಷ್ಮಿಬಾಯಿ. "ತಿನ್ನಾಕಿಲ್ಲ, ಮಾರಾಕಿಲ್ಲ, ಹೂವಂತ ಹೂವು!"

ಹೋದ ವರ್ಷ ಮೊದಲನೇ ಸಲ ಅದು ಹೂ ಬಿಟ್ಟಿತ್ತು. ಒಂದೇ ಗೊಂಚಲು, ಸಣ್ಣ ಸಣ್ಣ ಗುಲಾಬಿ ಚಿಕ್ಕಿ, ಸಂಜಿಮುಂದ ಪಡಸಾಲಿ ತುಂಬ ಘಮಘಮ. ಮನಿಷಾ ಅದರ ಮುಂದ ಕುಂತು ಅತ್ತಿದ್ದಳು. ಹೂ ಉದರಿದ ಮ್ಯಾಲ ಬೆರಳಗಣ್ಣಷ್ಟು ಮೋಟು ತೊಟ್ಟು ಉಳೀತು. ಲಕ್ಷ್ಮಿಬಾಯಿ ಅದನ್ನ ಚಿವುಟಾಕ ಹೋದ್ರ ಮನಿಷಾ ಕೈ ಹಿಡದಳು. "ಬ್ಯಾಡ್ರಿ ಅತ್ತಿ. ಪ್ರತಿ ವರ್ಷ ಹೂ ಬರೂದು ಆ ತೊಟ್ಟಿಗೇನ. ಹೊಸಾ ತೊಟ್ಟು ಹುಟ್ಟಬೇಕಂದ್ರ ವರ್ಷಗಟ್ಟಲೆ ಕಾಯಬೇಕು. ನಮ್ಮವ್ವ ಹೇಳಿದ್ದಳು."

"ದ್ರಾಕ್ಷಿಯಾಗ ಕಾಯಿ ಕೊಟ್ಟ ಕಡ್ಡಿ ಮತ್ತ ಕೊಡತೈತೇನು? ಯಾರ ಮುಂದ ಹೇಳಾಕತ್ತಿ ನೀ?" ಲಕ್ಷ್ಮಿಬಾಯಿ ಗಹಗಹಿಸಿ ನಕ್ಕಳು. ನಿಪ್ಪಾಣಿ ಮಂದಿ ತಂಬಾಕ ಕಂಡವರು, ಬಳ್ಳಿ ಸುದ್ದಿ ಅವರಿಗೇನು ಗೊತ್ತು!

ಈ ಸಲ ಅಕ್ಟೋಬರದಾಗ ಮನಿಷಾನ ಅಣ್ಣ ಸುಹಾಸ ಅವ್ವನ ಮನಿ ಮಾರಿದ. ಸಹಿ ಮಾಡಾಕ ಮನಿಷಾ ನಿಪ್ಪಾಣಿಗಿ ಹೊಂಟಳು. ಹೊಸಲಿ ದಾಟೂ ಮುಂದ ಹೊಳ್ಳಿ ನಿಂತು, "ಅತ್ತಿ, ಅವ್ವನ ವರ್ಷದ ದಿನಕ್ಕ ಅದು ಅರಳತೈತ್ರಿ. ಮುಟ್ಟಬ್ಯಾಡ್ರಿ, ಕೈ ಮುಗೀತೀನಿ" ಅಂದಳು. "ನಿನ್ನ ಬಳ್ಳಿ ಮುಟ್ಟಿ ನನಗೇನಾಗಬೇಕೈತಿ, ಹೋಗು" ಅಂತ ಲಕ್ಷ್ಮಿಬಾಯಿ ಕಳಿಸಿದಳು.

ಮರುದಿನ ಕಿಡಕಿ ಒರಸೂವಾಗ ಕೈ ಜಿಗಿಜಿಗಿ ಅಂತು. ನೋಡತಾಳ, ಬಳ್ಳಿ ಮ್ಯಾಲ ಇರವಿ ಸಾಲು. ಆ ಮೋಟು ತೊಟ್ಟಿನ ತುದಿಗಿ ಬೆಳ್ಳನ ಕಾಳಿನಂಥಾವು ಗುಂಪಾಗಿ ಕುಂತಾವು. ಅಯ್ಯಯ್ಯ, ಮಿಲಿಬಗ್! ಗೊನಿಗಿ ಗೊನಿ ಅಂಟು ಮಾಡಿ ಹಾಳು ಮಾಡೂ ಹಿಟ್ಟಿನ ಹುಳ! ಕಿಡಕಿ ಆಚೆ ನೋಡಿದ್ರ ತಮ್ಮದೇ ದ್ರಾಕ್ಷಿ ತ್ವಾಟ. ಗಂಡ ಕಾಕಾಸಾಹೇಬ, "ಚಷ್ಮಾ ಹಾಕ್ಕೊಂಡು ನೋಡಬಾರದ?" ಅಂದ. "ಹುಳ ನೋಡಾಕ ನನಗ ಚಷ್ಮಾ ಬೇಕ?" ಅಂತ ಅವನ ಬಾಯಿ ಮುಚ್ಚಿಸಿ ಕತ್ತರಿ ತಂದಳು.

ಮಾಡಿದ್ದು ಅರ್ಧಂಬರ್ಧ ಚಾಟ್ನಿ ಅಲ್ಲ ಮತ್ತ. ಚಿಗುರೊಡಿಯೂ ಕಣ್ಣು ಎರಡೆರಡು ಬಿಟ್ಟು ಮ್ಯಾಲಿಂದೆಲ್ಲಾ ಕತ್ತರಿಸಿದಳು. ತ್ವಾಟದಾಗ ಕಣ್ಣು ಒಡೀಲಿ ಅಂತ ಹಚ್ಚೂ ಪೇಸ್ಟ್ ಇತ್ತು, ಅದನ್ನೂ ಬಡದಳು. ಚಾಟ್ನಿ ಆದ ಕಡ್ಡಿ ತ್ವಾಟದ ಹತ್ರ ಇಡಬಾರದು, ರೋಗ ಉಳೀತೈತಿ. ಅದಕ್ಕ ಎಲ್ಲಾ ಬಳದು ಹಿತ್ತಲದಾಗ ಬೆಂಕಿ ಹಚ್ಚಿದಳು. ಹಸಿ ಎಲಿ ಚಟಚಟ ಅಂದ್ವು. ಸೊಂಟದ ಮ್ಯಾಲ ಕೈ ಇಟ್ಟು ಮೋಟು ಬಳ್ಳಿ ನೋಡಿ, ಈಗರ ಬಾಯಿ ಬಿಚ್ಚತಾಳ ನಮ್ಮ ಮಹಾರಾಣಿ ಅಂದ್ಕೊಂಡಳು.

ಸಂಜಿಗಿ ಮನಿಷಾ ಬಂದಳು. ಚಪ್ಪಲಿ ಬಿಡತಾ ಮಾತ ಸುರು ಮಾಡಿದಳು. "ಮನಿ ಹೋತ್ರಿ ಅತ್ತಿ. ತಗೊಂಡವರು ಕಿಡಕಿ ಒಡದು ಅವ್ವನ ಬಳ್ಳಿ ಬುಡಸಮೇತ ಕಿತ್ತು ಟ್ರಾಲಿಗಿ ಒಗದ್ರು. ನನ್ನ ಕಣ್ಣ ಮುಂದ. ಅಳು ಬರಲಿಲ್ರಿ. ನಮ್ಮನ್ಯಾಗ ಐತಲ್ಲ ಅಂತ…"

ಮಾತು ಅಲ್ಲಿಗೇ ನಿಂತಿತು. ಕಿಡಕಿ ನೋಡಿದ್ದಳು.

"ಮಿಲಿಬಗ್ ಆಗಿತ್ತು, ತಂಗಿ" ಅಂದಳು ಲಕ್ಷ್ಮಿಬಾಯಿ ಸಣ್ಣ ದನಿಲೆ.

ಮನಿಷಾ ಹಿತ್ತಲಕ್ಕ ಹೋಗಿ ಬೂದಿ ಕೆದರಿದಳು. ಅರ್ಧ ಸುಟ್ಟ ಒಂದು ತೊಟ್ಟು ಸಿಕ್ಕಿತು. ತಂದು ಅತ್ತಿ ಅಂಗೈಯಾಗ ಇಟ್ಟು, ಗೂಡಿನ್ಯಾಗಿಂದ ಚಷ್ಮಾ ತಗದು ಕೊಟ್ಟಳು. ಲಕ್ಷ್ಮಿಬಾಯಿ ಹಾಕ್ಕೊಂಡು ನೋಡಿದಳು. ಹುಳ ಅಲ್ಲ. ಐದೈದು ಮೂಲಿಯ ಪುಟಾಣಿ ಮೊಗ್ಗು, ಬಾಡಿ ಬಾಯಿ ಮುಚ್ಚಿಕೊಂಡಿದ್ವು; ಇರವಿ ಹತ್ತಿದ್ದು ಅವುಗಳ ಸೀ ರಸಕ್ಕ.

ಕಾಕಾಸಾಹೇಬ ಕುರ್ಚಿಯಾಗಿಂದ, "ಬಿಡು, ತಿನ್ನಾಕಿಲ್ಲ, ಮಾರಾಕಿಲ್ಲ…" ಅಂದ.

"ಸುಮ್ಮ ಕುಂಡರ್ರಿ ನೀವು!" ಅಂತ ಒದರಿದಳು ಲಕ್ಷ್ಮಿಬಾಯಿ.

ಮನಿಷಾ ಕುಂಡದ ಕಡೆ ಬಗ್ಗಿ, ಮೋಟಿನ ಮ್ಯಾಲ ಬೆರಳಾಡಿಸಿ ನೋಡಿದಳು.

"ಕಟ್ ಮಾತ್ರ ಭಾರಿ ಚೊಲೋ ಐತ್ರಿ, ಅತ್ತಿ" ಅಂದಳು. "ಎಲ್ಲಾ ಒಂದೇ ಸಮ. ಮಂದಿ ಸುಳ್ಳ ಹೇಳೂದಿಲ್ಲ."

ಅಂದು ಚಾ ಇಡಾಕ ಒಳಗ ಹೋದಳು. ಇಷ್ಟು ವರ್ಷ ಕಾದ ಮಾತು ಬಂದಿತ್ತು. ದ್ರಾಕ್ಷಿಗಿ ಆಗೂ ಔಷಧ ಈ ಬಳ್ಳಿ ಸುಟ್ಟೀತು ಅಂತ ಲಕ್ಷ್ಮಿಬಾಯಿ ಹಸಿ ಅರಬಿ ತಗೊಂಡು ಪೇಸ್ಟ್ ಒರಸಾಕ ಕುಂತಳು. ಅದು ಆಗಲೇ ಒಳಗ ಇಳದಿತ್ತು.