ನೀರಿನ ಹದ

ಎರಡನೇ ಚೊಂಬಿಗೆ ಮಗುವಿನ ಅಳು ಬೇರೆಯಾಯಿತು, ಹಸಿವಿನದಲ್ಲ, ನಿದ್ದೆಯದಲ್ಲ, ಉಸಿರು ಸಿಕ್ಕಿಹಾಕಿಕೊಂಡಂಥ ಅಳು, ಮೂರನೆಯದನ್ನು ಎತ್ತಿದ ಚಿಕ್ಕಮುನಿಯಮ್ಮನ ಕೈ ಅಲ್ಲೇ ನಿಂತಿತು — ನೀಡಿದ ಕಾಲುಗಳ ಮೇಲೆ ಬೋರಲು ಮಲಗಿದ ಇಪ್ಪತ್ತು ದಿನದ ಮೊಮ್ಮಗಳು, ಬೆನ್ನು ಕೆಂಪಗೆ, ಬೆರಳೊತ್ತಿ ನೋಡಿದರೆ ಒತ್ತಿದ ಜಾಗ ಬೆಳ್ಳಗೆ, ಮತ್ತೆ ನಿಧಾನಕ್ಕೆ ಕೆಂಪು. ಎಳೇ ಮಕ್ಕಳು ಬಿಸಿನೀರಿಗೆ ಕೆಂಪಾಗೋದು ಇದ್ದದ್ದೇ, ತನ್ನಮ್ಮನೂ ಹೀಗೇ ಎರೆದವಳು. ಆದರೆ ಕಾಲು — ಮೊದಲ ಚೊಂಬಿಗೇ ತನ್ನ ಕಾಲು ಚುರ್ ಅಂದಿತ್ತು, ಅಂದದ್ದು ನಿಜ, ಚಳಿಗೆ ಚರ್ಮ ಒಡೆದಿದೆಯಲ್ಲ ಅದಕ್ಕೆ ಅಂದುಕೊಂಡಳು, ಯಾಕೆಂದರೆ ಬಕೆಟ್ಟಿನಲ್ಲಿ ಅದ್ದಿದ ಕೈ ಬೆಚ್ಚಗಿದೆ, ಹದವಾಗಿದೆ ಅಂದಿತ್ತು, ಕೈ ಹೇಳಿದ ಮೇಲೆ ಕಾಲಿನ ಮಾತು ಯಾರು ಕೇಳ್ತಾರೆ. ಶಿಡ್ಲಘಟ್ಟದ ದಸ್ತಗಿರ್ ಸಾಹೇಬರ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕುದಿಯುವ ನೀರಿನಲ್ಲಿ ರೇಷ್ಮೆಗೂಡು ತಡಕಿ ಎಳೆ ಹಿಡಿದ ಕೈ. ಮೊದಲ ವಾರ ಬೆರಳೆಲ್ಲ ಬೊಬ್ಬೆ, ಅನ್ನ ಕಲಸಲಾಗದೆ ಅಳುತ್ತಿದ್ದಳು, ಆರು ತಿಂಗಳು ತಡ್ಕೊಳಮ್ಮ, ಆಮೇಲೆ ಕೈಯೇ ಹೊಂದ್ಕೊಳ್ತದೆ, ಸಾಹೇಬರು ಸಮಾಧಾನಕ್ಕೇ ಹೇಳಿದ್ದರು, ಹೊಂದಿಕೊಂಡಿತು, ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಉರಿ ಯಾವತ್ತು ನಿಂತಿತು ಅನ್ನೋದೇ ಅವಳಿಗೆ ನೆನಪಿಲ್ಲ. ಮೊನ್ನೆ ಒಲೆಯಿಂದ ಬರಿಗೈಲಿ ಟೀ ಪಾತ್ರೆ ಇಳಿಸಿದಾಗ ಪಕ್ಕದ ಮನೆಯ ಅಮ್ಮಾಜಮ್ಮ ನಕ್ಕಳು, ನಿಂದು ಕೈಯಲ್ಲ ಕಣೇ, ಇಕ್ಕಳ, ಇವಳೂ ನಕ್ಕಳು, ಹೆಮ್ಮೆಯಿಂದಲೇ. ಹದಿನೈದು ದಿನ. ಕೂಸು ಮನೆಗೆ ಬಂದ ಹದಿನೈದು ದಿನದಿಂದ ಇದೇ ಕೈ ಹದ ನೋಡಿದೆ, ದಿನಾ ಮಗು ಅತ್ತಿದೆ, ಅಳಲಿ ಬಿಡು, ಎದೆ ಗಟ್ಟಿಯಾಗುತ್ತೆ ಅಂದವಳೂ ಇವಳೇ.

ಏನಮ್ಮ ಅದು, ಇವತ್ತೇನು ಇಷ್ಟೊಂದು ಅಳ್ತಾವ್ಳೆ, ಒಳಗೆ ಬಾಣಂತಿ ಮಂಚದಿಂದ ಮಗಳು ರಾಧಾಮಣಿ, ಏನಿಲ್ಲ ಕಣಮ್ಮ, ನಿನ್ನ ಹಂಗೇ ಗಂಟಲು ಜೋರು, ನಾಲಿಗೆ ತಾನಾಗಿ ಹೇಳಿತು, ಅಷ್ಟರಲ್ಲಿ ಕೈ ಪಕ್ಕದ ತಣ್ಣೀರನ್ನು ಮೊಗೆಮೊಗೆದು ಬೆನ್ನಿಗೆ ಬಿಡುತ್ತಿತ್ತು, ಅಳು ಬಿಕ್ಕಾಯಿತು, ಬಿಕ್ಕು ಸುಮ್ಮನಾಯಿತು. ಬಾಗಿ ಮೊಣಕೈಯನ್ನು ಬಕೆಟ್ಟಿಗೆ ಅದ್ದಿದಳು — ಸುಟ್ಟಿತು. ಅದೇ ನೀರಿನಲ್ಲಿ ಬೆರಳಿಟ್ಟಳು, ಬೆಚ್ಚಗಿದೆ, ಹದವಾಗಿದೆ. ಹೇಳಿಬಿಟ್ಟರೆ ಮಗಳು ಕೂಸನ್ನು ಇನ್ನು ಇವಳ ಕೈಗೆ ಕೊಡುವುದಿಲ್ಲ, ಗೌರಿಬಿದನೂರಿನ ಬೀಗಿತ್ತಿ ಸಂಜೆಗೇ ಬಂದು ಇಬ್ಬರನ್ನೂ ಕರೆದೊಯ್ಯುತ್ತಾಳೆ, ಹೇಳದಿದ್ದರೆ ನಾಳೆಯೂ ಇದೇ ಕೈ, ನಾಳೆ ಕಾಲೂ ಹೊಂದಿಕೊಂಡುಬಿಟ್ಟರೆ, ಮೊಣಕೈಯೂ, ಇನ್ನೂ ಏನೇನು ಹೊಂದಿಕೊಂಡಿದೆಯೋ ಮೈಯಲ್ಲಿ, ಇವಳಿಗೆ ಹೇಳದೆ, ಮೊದಲ ದಿನ ಆಸ್ಪತ್ರೆಯಲ್ಲಿ ಕೂಸಿನ ಕೆನ್ನೆ ಸವರಿ ಏನು ನುಣುಪಮ್ಮ ಅಂದಿದ್ದಳಲ್ಲ, ಆ ನುಣುಪು ತಿಳಿದದ್ದು ಕೈಯಿಂದಲೋ ಕಣ್ಣಿಂದಲೋ. ನಾಳೆಗೆ ಇಪ್ಪತ್ತೊಂದು. ಇಪ್ಪತ್ತೊಂದರಿಂದ ಹೆತ್ತವಳೇ ಮೊದಲು ನೀರು ಮುಟ್ಟಿ ಹದ ನೋಡಿ ಕೊಡಬೇಕು ಕಣಮ್ಮ, ಶಾಸ್ತ್ರ, ನಮ್ಮಜ್ಜಿ ಕಾಲದಿಂದ ಬಂದದ್ದು, ಒಳಗಿನವಳಿಗೆ ಕೂಗಿ ಹೇಳಿದಳು — ಅಜ್ಜಿ ಅಂಥದ್ದೇನೂ ಹೇಳಿರಲಿಲ್ಲ, ಇರಲಿ, ಶಾಸ್ತ್ರ ಅಂದರೆ ರಾಧಾ ಯಾಕೆ ಅಂತ ಕೇಳಲ್ಲ. ಬಟ್ಟೆಯಲ್ಲಿ ಸುತ್ತುವ ಮುಂಚೆ ಇನ್ನೊಮ್ಮೆ ಬೆರಳೊತ್ತಿದಳು. ಒತ್ತಿದ್ದು ಬೆರಳಿಗೆ ತಿಳಿಯಲಿಲ್ಲ, ಕಣ್ಣಿಗೆ ಕಂಡಿತು, ಕೆಂಪಿನ ನಡುವೆ ಬೆಳ್ಳನೆ ಒಂದು ಚುಕ್ಕೆ, ತುಂಬುತ್ತಾ, ಇನ್ನೂ ತುಂಬದೆ, ಬೆಳ್ಳಗೆ.