ಹಳದಿ ಪಾದಗಳು

ಭಯಕ್ಕೆ ದಿಕ್ಕಿರುವುದಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ನಮ್ಮ ರೈಫಲ್ ಕ್ಲಬ್ಬು ಹಳೆಯ ಗೋದಾಮೊಂದರ ನೆಲಮಾಳಿಗೆಯಲ್ಲಿದೆ. ಒಂದು ತುದಿಯಲ್ಲಿ ಟಾರ್ಗೆಟ್ ಹಾಳೆಗಳು, ಇನ್ನೊಂದು ತುದಿಯಲ್ಲಿ ಸಾಲಾಗಿ ಕಪ್ಪು ರಬ್ಬರ್ ಚಾಪೆಗಳು. ಕೂತು ಗುರಿ ಹೊಡೆಯುವವರಿಗೆಂದು ಪ್ರತಿ ಚಾಪೆಯ ಮೇಲೂ ಹಳದಿ ಬಣ್ಣದಲ್ಲಿ ಎರಡು ಪಾದ, ಹಿಂದೆ ಕೂರಲು ಒಂದು ದುಂಡು ಗುರುತು. ಗುರುತು ಬಿಟ್ಟು ಒಂದು ಬೆರಳಿನಷ್ಟು ಸರಿದರೂ ಕೋಚ್ ಬಂದು ಬೂಟಿನ ತುದಿಯಿಂದ ನಮ್ಮ ಕಾಲನ್ನು ಒಳಗೆ ತಳ್ಳುತ್ತಿದ್ದರು.

ಕ್ಲಬ್ಬಿನ ತಂಡದಲ್ಲಿ ಹೆಂಗಸರಿಗೆ ಇದ್ದದ್ದು ಒಂದೇ ಜಾಗ. ಅದಕ್ಕೆ ಇಬ್ಬರು: ನಾನು, ಮತ್ತು ಪಕ್ಕದ ಚಾಪೆಯ ಹಲ್ಲಿನ ಡಾಕ್ಟರಮ್ಮ. ಇಬ್ಬರೂ ಕುಳ್ಳಿಯರು, ಇಬ್ಬರೂ ಕೆಟ್ಟದಾಗಿ ಹೊಡೆಯುತ್ತಿದ್ದೆವು.

"ನಿಮಗೆ ಟೆನ್ಷನ್ ಜಾಸ್ತಿ ಮೇಡಂ," ಎನ್ನುತ್ತಿದ್ದರು ಕೋಚ್. "ಮನಸ್ಸು ನಿಲ್ಲದೆ ಕೈ ಹೇಗೆ ನಿಲ್ಲತ್ತೆ? ಉಸಿರು ತಗೊಳ್ಳಿ, ಧೈರ್ಯ ತಂದ್ಕೊಳ್ಳಿ."

ನಾನು ನಂಬಿದೆ. ನಂಬದೆ ಏನು ಮಾಡಲಿ? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸ್ ಬರುವವಳು ನಾನು. ಮನೆಯವರೂ ಅದನ್ನೇ ಹೇಳಿದರು: "ನೀನು ಹೆದರ್ತೀಯ ಅಂತ ಬಂದೂಕಿಗೂ ಗೊತ್ತಾಗಿದೆ ಕಣೆ."

ಅಚ್ಚಾಗುವ ಪುಸ್ತಕಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಒಂದೇ ತಪ್ಪು ಪುಟಪುಟದಲ್ಲೂ ಒಂದೇ ಜಾಗದಲ್ಲಿ ಬಂದರೆ ಅದು ಓದುವವರ ಕಣ್ಣಿನ ದೋಷವಲ್ಲ, ಅಕ್ಷರ ಜೋಡಿಸಿದವರದು. ಹೀಗಿದ್ದೂ ನನ್ನ ಟಾರ್ಗೆಟ್ ಹಾಳೆಗಳನ್ನು ಮಾತ್ರ ನಾನು ಹಾಗೆ ನೋಡಿರಲಿಲ್ಲ. ಒಂದು ಭಾನುವಾರ ಅವನ್ನೆಲ್ಲ ಮಂಚದ ಮೇಲೆ ಹರಡಿದೆ. ತೂತುಗಳೆಲ್ಲ ಒಂದರ ಪಕ್ಕ ಒಂದು ಅಂಟಿಕೊಂಡಿದ್ದವು, ಎಲ್ಲವೂ ನಡುವಿನಿಂದ ಬಲಕ್ಕೆ. ಹೆದರಿದ ಕೈ ಎಡಕ್ಕೂ ಹೋಗಬೇಕು, ಮೇಲಕ್ಕೂ ಹೋಗಬೇಕು. ದಿನಾ ಬಲಕ್ಕೇ ಹೋಗುವ ಭಯ ಯಾವುದು?

ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಕ್ಲಬ್ಬಿನ ಗುರುತುಗಳನ್ನೇ ಅದೇ ಅಳತೆಯಲ್ಲಿ ಬರೆದು, ಉದ್ದ ಪೊರಕೆಯನ್ನು ಭುಜಕ್ಕೆ ಆನಿಸಿ, ಗೋಡೆಯ ಸ್ವಿಚ್ಚಿಗೆ ಗುರಿಯಿಟ್ಟು ಕೂತೆ.

ಅತ್ತೆ ಕುರ್ಚಿಯಿಂದ ಎದ್ದರು. "ಸೊಸೆ ಪೊರಕೆ ಹಿಡಿದು ಗುರಿ ನೋಡ್ತಿದ್ದಾಳೆ, ನಾನು ಒಳಗೆ ಹೋಗ್ತೀನಪ್ಪ."

"ನಿಮಗಲ್ಲ ಅತ್ತೆ, ಸ್ವಿಚ್ಚಿಗೆ."

"ಇವತ್ತು ಸ್ವಿಚ್ಚು," ಎನ್ನುತ್ತಾ ಅವರು ಒಳಗೆ ಹೋದರು.

ಕಣ್ಣು ಮುಚ್ಚಿ ಮೈ ಸಡಿಲ ಬಿಟ್ಟೆ. ಕಣ್ಣು ತೆರೆದಾಗ ಪೊರಕೆ ಬಲಗಡೆಯ ಕಿಟಕಿಯನ್ನು ನೋಡುತ್ತಿತ್ತು. ಮತ್ತೆ ಮಾಡಿದೆ. ಮತ್ತೆ ಕಿಟಕಿ. ಅಂದರೆ ಆ ಗುರುತುಗಳ ಮೇಲೆ ಕೂತ ನನ್ನ ಮೈ ತಾನಾಗಿ ನೋಡುತ್ತಿದ್ದದ್ದೇ ಬಲಕ್ಕೆ. ಕ್ಲಬ್ಬಿನಲ್ಲಿ ನಾನು ರೈಫಲ್ಲನ್ನು ಕೈಯ ಶಕ್ತಿಯಿಂದ ಎಡಕ್ಕೆ ಎಳೆದು ಹಿಡಿಯುತ್ತಿದ್ದೆ, ಟ್ರಿಗರ್ ಒತ್ತುವ ಗಳಿಗೆಯಲ್ಲಿ ಅದು ತನ್ನ ಜಾಗಕ್ಕೆ ಮರಳುತ್ತಿತ್ತು. ಗುರುತಿನ ಪಾದಗಳೂ ನನಗೆ ಬಲು ದೂರ. ಕಾಲು ಚಾಚಿದ್ದರಿಂದ ಮಂಡಿ ಎದ್ದು ನಿಲ್ಲುತ್ತಿರಲಿಲ್ಲ, ಮೊಣಕೈ ಮಂಡಿಚಿಪ್ಪಿನ ಮೇಲೆ ಕೂತು ಗೋಲಿಯಂತೆ ಉರುಳುತ್ತಿತ್ತು.

ಸೀಮೆಸುಣ್ಣದ ಗೆರೆ ಒರೆಸಿದೆ. ಕಾಲು ಹತ್ತಿರ ಎಳೆದುಕೊಂಡು, ಅಗಲಿಸಿ, ಹಿಮ್ಮಡಿ ಊರಿದೆ. ಮೊಣಕೈಗಳನ್ನು ಮಂಡಿ ದಾಟಿಸಿ ಅದರಾಚೆಯ ಇಳಿಜಾರಿಗೆ ಒರಗಿಸಿದೆ. ಪೊರಕೆ ಕಿಟಕಿಯತ್ತ ಹೋದಾಗಲೆಲ್ಲ ಕೈಯಿಂದ ಎಳೆಯದೆ, ಕೂತ ಜಾಗದಲ್ಲೇ ಇಡೀ ಮೈಯನ್ನು ಚೂರು ಚೂರೇ ತಿರುಗಿಸಿದೆ. ಕೊನೆಗೊಮ್ಮೆ ಕಣ್ಣು ತೆರೆದಾಗ ಎದುರಿಗೆ ಸ್ವಿಚ್ಚಿತ್ತು. ಯಾವ ಸ್ನಾಯುವೂ ಅದನ್ನು ಹಿಡಿದಿರಲಿಲ್ಲ. ಖುಷಿಯಾಗಬೇಕಿತ್ತು, ಸಿಟ್ಟು ಬಂತು.

ಮರುದಿನ ಕೋಚನ್ನು ಕೇಳಿದೆ: "ಸರ್, ಈ ಗುರುತು ಯಾರ ಅಳತೆಗೆ ಹಾಕಿದ್ದು?"

"ಯಾರ ಅಳತೆ ಅಂದ್ರೆ? ನಾನೇ ಕೂತೆ, ಸುತ್ತ ಬಣ್ಣ ಬಳಿಸಿದೆ. ಯಾಕೆ?"

ಕೋಚ್ ಆರಡಿ ಮೀರಿದ ಆಳು.

"ನಮ್ಮ ಕಾಲು ಅಷ್ಟುದ್ದ ಇಲ್ಲ ಸರ್."

"ಕಾಲಲ್ಲ ಮೇಡಂ, ತಲೆ. ನೆಪ ಹುಡುಕೋದು ಬಿಡಿ."

ನೆಪ. ಆ ಪದವನ್ನು ಮನೆಯವರೆಗೂ ಅಗಿಯುತ್ತಾ ಹೋದೆ.

ಆಯ್ಕೆಯ ದಿನ ಮೊದಲ ಸರದಿ ನನ್ನದು. ಬೆರಳುಗಳು ಮಂಜುಗಡ್ಡೆಯಾಗಿದ್ದವು. ಕೂರುವ ಮೊದಲು ಚಾಪೆಯ ಅಂಚು ಹಿಡಿದೆತ್ತಿ ಮಗುಚಿ ಹಾಕಿದೆ. ಅಡಿಬದಿ ಬರೀ ಕಪ್ಪು.

"ಗುರುತೆಲ್ಲಿ ಮೇಡಂ?"

"ಕೆಳಗಿದೆ ಸರ್."

"ಇದೇನು ಆಟ?"

"ಪಂದ್ಯದಲ್ಲಿ ಪಾದ ಬರೆದ ಚಾಪೆ ಕೊಡ್ತಾರಾ ಸರ್?"

ಕೋಚ್ ಗಡಿಯಾರ ನೋಡಿ ಪಕ್ಕಕ್ಕೆ ಸರಿದರು. ನಾನು ಕೂತೆ, ಕಣ್ಣು ಮುಚ್ಚಿ ತೆರೆದೆ, ತುಸು ತಿರುಗಿದೆ, ಮತ್ತೆ ಮುಚ್ಚಿ ತೆರೆದೆ. ಆಮೇಲೆ ಹೊಡೆದೆ. ಹಾಳೆ ತಂದಾಗ ತೂತುಗಳೆಲ್ಲ ಮೊದಲಿನಂತೆಯೇ ಅಂಟಿಕೊಂಡಿದ್ದವು. ಈ ಸಲ ನಟ್ಟನಡುವೆ.

ಕೋಚ್ ಅದನ್ನು ದೀಪದ ಕೆಳಗೆ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡಿದ್ರಾ? ಭಯ ಬಿಟ್ರೆ ಹೀಗೆ. ನಾನು ಹೇಳ್ತಾನೇ ಇದ್ದೆ."

ಬಾಯಿಗೆ ಬಂದದ್ದನ್ನು ಆಡುವವಳಲ್ಲ ನಾನು. ಅಂದು ಆಡಿದ್ದೂ ತೂಗಿಯೇ.

"ಭಯ ಬಿಟ್ಟಿಲ್ಲ ಸರ್. ಕೈ ಮುಟ್ಟಿ ನೋಡಿ, ಇನ್ನೂ ತಣ್ಣಗಿದೆ. ನಾನು ಬಿಟ್ಟಿದ್ದು ನಿಮ್ಮ ಪಾದ."

ಪಕ್ಕದಲ್ಲಿ ರಬ್ಬರು ನೆಲಕ್ಕೆ ಬಡಿದ ಸದ್ದಾಯಿತು. ಡಾಕ್ಟರಮ್ಮ ತಮ್ಮ ಚಾಪೆಯನ್ನು ಮಗುಚಿದ್ದರು.

ಇದ್ದದ್ದು ಒಂದೇ ಜಾಗ. ಅವರ ಕೈ ನನ್ನದಕ್ಕಿಂತ ಗಟ್ಟಿ; ಹಲ್ಲು ಕೀಳುವ ಕೈ. ಅವರು ಕಾಲು ಹತ್ತಿರ ಎಳೆದುಕೊಂಡು ಕೂತರು, ಆದರೆ ರೈಫಲ್ಲನ್ನು ಇನ್ನೂ ಕೈಯಿಂದಲೇ ಎಡಕ್ಕೆ ಎಳೆಯುತ್ತಿದ್ದರು. ಸುಮ್ಮನಿದ್ದರೆ ಜಾಗ ನನ್ನದು. ಹಾಗೆ ಸುಮ್ಮನಿದ್ದರೆ ಒಂದು ವರ್ಷ ಹಾಳಾಯಿತೆಂದು ಉರಿದುಕೊಂಡದ್ದಕ್ಕೆ ಅರ್ಥವೇನು?

"ಕೈ ಬೇಡ ಡಾಕ್ಟರೇ," ಎಂದೆ. "ಕೂತ ಜಾಗದಲ್ಲೇ ತಿರುಗಿ. ಆಮೇಲೆ ಕಣ್ಣು ಮುಚ್ಚಿ ನೋಡಿ."